ಹುಣಸೆಮರಕ್ಕೆ ಕೊಡದ ಹೆಸರು

ಸಿದ್ದಗಂಗಯ್ಯನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಿದ್ದು ಊರವರಲ್ಲ, ಹೆತ್ತ ತಾಯಿ. ಎತ್ತಿನ ಸರಪಳಿ ತಂದುಕೊಟ್ಟವನು ಸೋದರಮಾವ ದೊಡ್ಡರಂಗಪ್ಪ. ಕಾಲಿಗೆ ಸುತ್ತಿ ಕೊಂಡಿ ಹಾಕಿದವಳು ತಾಯಿ ಕೆಂಚಮ್ಮ. ಹಾಕುವಾಗ ಅವಳ ಕಣ್ಣೀರು ಮೂಗಿನ ತುದಿಗೆ ಬಂತು, ಆದರೂ ಹಾಕಿದಳು. ಪಕ್ಕದ ಗೂಟದ ಎತ್ತು ಮೆಲುಕು ನಿಲ್ಲಿಸಿ ಈ ಹೊಸ ನೆಂಟನನ್ನು ಒಮ್ಮೆ ನೋಡಿ ಮತ್ತೆ ಮೆಲುಕು ಹಾಕತೊಡಗಿತು.

ಅವನಿಗೆ ಸೆರೆ ಹೊಸದಲ್ಲ. ಮಧುಗಿರಿಯಲ್ಲಿ ಇಂಗ್ಲಿಷರ ಸೈನ್ಯಕ್ಕೆ ಸೇರಿ, ಲಾರಿ ಓಡಿಸುತ್ತ ಆಫ್ರಿಕದ ಮರಳುಗಾಡಿಗೆ ಹೋಗಿ, ಅಲ್ಲಿ ಇಟಲಿಯವರ ಕೈಗೆ ಸಿಕ್ಕಿಬಿದ್ದಿದ್ದ. ಅವರು ಹಡಗಿನಲ್ಲಿ ತುಂಬಿಕೊಂಡು ತಮ್ಮ ದೇಶಕ್ಕೆ ಒಯ್ದು ಮುಳ್ಳುತಂತಿಯೊಳಗೆ ಇಟ್ಟರು. ಇಟಲಿ ಸೋತು ಕಾವಲಿನವರು ಓಡಿಹೋದಾಗ ಇವನೂ ಬೆಟ್ಟದ ಕಡೆ ಓಡಿದ. ಅಷ್ಟರಲ್ಲಿ ಜರ್ಮನ್ನರು ಬಂದು ತುಂಬಿಕೊಂಡದ್ದರಿಂದ ಒಂದು ಚಳಿಗಾಲವಿಡೀ ಕುರಿದೊಡ್ಡಿಯಲ್ಲಿ ಅಡಗಿ ಕೂತ. ಕೊನೆಗೆ ಮತ್ತೆ ಇಂಗ್ಲಿಷರ ಸೈನ್ಯ ಸೇರಿ, ಯುದ್ಧ ಮುಗಿದು, ಹೋದ ಸುಗ್ಗಿಯ ಹೊತ್ತಿಗೆ ಊರು ಮುಟ್ಟಿದ. ಮುಳ್ಳುತಂತಿಯೊಳಗೆ ಬೈಯಲು ಶತ್ರುಗಳಾದರೂ ಇದ್ದರು. ಇಲ್ಲಿ ಕಟ್ಟಿಹಾಕಿದವಳೇ ಹೊತ್ತು ಹೊತ್ತಿಗೆ ಮುದ್ದೆ ತಂದು ತಲೆ ಸವರುತ್ತಾಳೆ, ಯಾರನ್ನು ಬೈಯುವುದು?

ಅವನ ಮೇಲಿದ್ದ ದೂರು, ಬೆರಳ ಗೆಣ್ಣಿನಿಂದ ಕುಟ್ಟುತ್ತಾನೆ ಎಂಬುದು. ಜಗಲಿ, ಒರಳು, ಬಾಗಿಲ ಚೌಕಟ್ಟು, ಯಾವುದಾದರೂ ಸರಿ. ಮೆಲ್ಲಗೆ ಒಂದು, ಗಟ್ಟಿಯಾಗಿ ಒಂದು, ಮತ್ತೆ ಮೆಲ್ಲಗೆ ಒಂದು. ಜೊತೆಗೆ ತುಟಿ ಆಡುತ್ತದೆ. ಬರುವ ಮಾತು ಕನ್ನಡವಲ್ಲ, ತೆಲುಗಲ್ಲ, ಸಿರಾದ ಸಂತೆಯಲ್ಲಿ ಕೇಳುವ ಉರ್ದುವೂ ಅಲ್ಲ.

"ಅದು ನಿನ್ ಮಗ ಅಲ್ಲ ಕಣಕ್ಕ," ಎಂದು ಪಕ್ಕದ ಮನೆಯ ಹನುಮಕ್ಕ ತೀರ್ಪು ಕೊಟ್ಟಳು. "ಅವನೊಳಗೆ ಯಾವ್ದೋ ಸೀಮೆ ದೆವ್ವ ಕುಂತೈತೆ. ಕದ ತಟ್ಟಿ ತಟ್ಟಿ ಈಚೆಗೆ ಬರಾಕೆ ನೋಡ್ತೈತೆ."

ನಿಜ ಬೇರೆ ಇತ್ತು. ಆ ಬೆಟ್ಟದಲ್ಲಿ ಅವನನ್ನು ಅಡಗಿಸಿಟ್ಟವಳು ಫಿಲೊಮೇನ ಎಂಬ ಮುದುಕಿ. ಕುರಿ ಸಾಕಿಕೊಂಡಿದ್ದ ವಿಧವೆ. ಭಾನುವಾರ ಚರ್ಚಿನಲ್ಲಿ ಹಳ್ಳಿಯ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದಳು. ಕಪ್ಪಗಿದ್ದ ಇವನನ್ನು ದಕ್ಷಿಣದ ದ್ವೀಪದಿಂದ ಬಂದ ತನ್ನ ಸೋದರಳಿಯ ಎಂದು ಸಾರಿಬಿಟ್ಟಳು. ಸಾರಿದರೆ ಸಾಕೇ? ದಾರಿಹೋಕರು ಕೇಳಿದರೆ ನಾಲ್ಕು ಮಾತಾದರೂ ಆಡಬೇಕಲ್ಲ. ಮಕ್ಕಳಿಗೆ ಕಲಿಸುವ ಹಾಗೆಯೇ ಇವನಿಗೂ ಕಲಿಸಿದಳು. ಪದವನ್ನು ಮೊದಲು ತುಂಡು ತುಂಡಾಗಿ ಬಿಡಿಸಬೇಕು, ಆಮೇಲೆ ಭಾರ ಯಾವ ತುಂಡಿನ ಮೇಲಿದೆ ಎಂದು ಕೈಯಿಂದ ಕುಟ್ಟಿ ನೋಡಬೇಕು.

ಮೊನ್-ತಾ-ನ್ಯ ಎಂದರೆ ಬೆಟ್ಟ. ಗೆಣ್ಣಿನಿಂದ ಮೆಲ್ಲಗೆ ಒಂದು ಪೆಟ್ಟು, ನಡುವೆ ಗಟ್ಟಿಯಾಗಿ ಒಂದು, ಕೊನೆಗೆ ಮೆಲ್ಲಗೆ. ಕೊ-ಪೇರ್-ತ, ಕಂಬಳಿ, ಅದಕ್ಕೂ ಹಾಗೆಯೇ. ಹೆಚ್ಚಿನ ಪದಗಳಲ್ಲಿ ಭಾರ ಕೊನೆಯಿಂದ ಎರಡನೆಯ ತುಂಡಿನ ಮೇಲೆ ಬೀಳುತ್ತದೆ. ಆದರೆ ಪೇ-ಕೊ-ರ, ಅಂದರೆ ಕುರಿ, ಮೊದಲಲ್ಲೇ ಭಾರ ಇಳಿಸಿ ಮಿಕ್ಕ ಎರಡು ತುಂಡನ್ನು ಕೈಬೀಸಿಕೊಂಡು ದಾಟುತ್ತದೆ. ಕ-ರಿ-ತಾ, ಅಂದರೆ ದಯೆ, ಕೊನೆಯವರೆಗೂ ಹೊತ್ತು ಅಲ್ಲಿ ದೊಪ್ಪನೆ ಇಳಿಸುತ್ತದೆ. ಒತ್ತಕ್ಷರ ಬಂದರೆ ಸರಿಯಾಗಿ ನಡುವೆ ಸೀಳಬೇಕು: ನೋತ್-ತೆ, ರಾತ್ರಿ, ಫ್ರ-ತೆಲ್-ಲೊ, ಒಡಹುಟ್ಟಿದವನು. ಇದು ಅವನಿಗೆ ನೀರು ಕುಡಿದಷ್ಟು ಸುಲಭವಾಯಿತು. ಅಕ್ಕ, ಅಪ್ಪ, ಬೆಟ್ಟ ಎಂದುಕೊಂಡು ಬೆಳೆದ ನಾಲಿಗೆ. ಒದ್ದಾಡಿದ್ದೆಲ್ಲ ಭಾರದ ಹತ್ತಿರ. ಕನ್ನಡದಲ್ಲಿ ಉದ್ದ ಉಂಟು, ಗಿಡ್ಡ ಉಂಟು, ಆದರೆ ಒಂದು ಅಕ್ಷರ ಪಕ್ಕದ್ದರ ಹೆಗಲೇರಿ ಕೂರುವುದಿಲ್ಲ. ಇವನು ಎಲ್ಲ ಪದವನ್ನೂ ಮೊದಲಲ್ಲೇ ಒತ್ತಿ ಮುಗಿಸಿಬಿಡುತ್ತಿದ್ದ. ಮುದುಕಿ ಅವನ ಕೈ ಹಿಡಿದು ಮೇಜಿಗೆ ಕುಟ್ಟಿಸಿ "ಅಂಕೋರ" ಎನ್ನುತ್ತಿದ್ದಳು. ಇನ್ನೊಂದು ಸಲ ಎಂದು ಅರ್ಥ. ಪದ ಮರೆತರೆ ಪೆದ್ದನೆಂದು ಬಿಟ್ಟುಬಿಡುತ್ತಾರೆ, ಭಾರ ತಪ್ಪಿದರೆ ಹೊರಗಿನವನೆಂದು ಹಿಡಿಯುತ್ತಾರೆ ಎಂಬುದನ್ನು ಕತ್ತಿನ ಮೇಲೆ ಬೆರಳೆಳೆದು ತಿಳಿಸಿದ್ದಳು.

ಅವಳ ಮಗನನ್ನೂ ಯುದ್ಧಕ್ಕೆ ಒಯ್ದಿದ್ದರು. ರಷ್ಯದ ಹಿಮದಲ್ಲಿ ಕಾಣೆಯಾಗಿದ್ದ. ಸತ್ತವರ ಪೂಜೆ ಮಾಡಿಸೋಣ ಎಂದು ಪಾದ್ರಿ ಎಷ್ಟು ಹೇಳಿದರೂ ಅವಳು ಒಪ್ಪಿರಲಿಲ್ಲ. ಮಗನಿಗೆಂದು ತೆಗೆದಿಟ್ಟ ಕಂಬಳಿಯನ್ನು ಮಾತ್ರ ಇವನಿಗೆ ಹೊದಿಸಿದಳು. ಒಂದು ಗುರುತನ್ನೂ ಕಲಿಸಿದ್ದಳು. ಮನೆಯ ಮುಂದಿನ ಹಗ್ಗದಲ್ಲಿ ಬಿಳಿ ದುಪ್ಪಟಿ ತೂಗುತ್ತಿದ್ದರೆ ಇಳಿದು ಬಾ, ಇಲ್ಲದಿದ್ದರೆ ಮೇಲಿನ ದೊಡ್ಡಿಯಲ್ಲೇ ಇರು. ಹಿಮ ಕರಗುವ ಕಾಲದಲ್ಲಿ ಒಂದು ಬೆಳಿಗ್ಗೆ ಕೆಳಗೆ ಬಂದೂಕಿನ ಸದ್ದಾಯಿತು. ನೋಡಿದರೆ ಹಗ್ಗ ಬರಿದು. ಮಾರನೆಯ ದಿನವೂ ಬರಿದು. ಬುತ್ತಿ ಮುಗಿಯುವವರೆಗೂ ಕಾದು, ಬೆನ್ನು ಹಾಕಿ ಬೆಟ್ಟ ದಾಟಿಬಿಟ್ಟ. ಅವಳು ಇದ್ದಾಳೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಕುಟ್ಟುತ್ತಿದ್ದ. ಅವಳು ಕಲಿಸಿದ ಪದಗಳನ್ನು ಕಲಿಸಿದ ಸಾಲಿನಲ್ಲೇ ಕುಟ್ಟುತ್ತಿರುವಷ್ಟು ಹೊತ್ತು ಮೇಜಿನ ಆಚೆ ಅವಳು ಕೂತಿರುತ್ತಾಳೆ ಎಂದು ಅವನಿಗೆ ಅನಿಸುತ್ತಿತ್ತು. ಅವಳ ಹೆಸರೊಂದನ್ನು ಮಾತ್ರ ಕುಟ್ಟುತ್ತಿರಲಿಲ್ಲ. ಅದು ಪಾಠದ ಕೊನೆಯ ಪದ. ಅದನ್ನು ಸರಿಯಾಗಿ ಹೇಳಿಸಿದ ಮೇಲೆ ಅವಳು ದೀಪ ಆರಿಸಿ ಎದ್ದು ಹೋಗುತ್ತಿದ್ದಳು.

ಇದನ್ನು ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವೇ? ಬಂದ ಹೊಸದರಲ್ಲಿ ಹೇಳಲು ಹೊರಟಿದ್ದ, ಮಾವನ ಮುಂದೆ.

"ಅಲ್ಲಿ ಒಬ್ಳು ಮುದುಕಿ ಅನ್ನ ಇಕ್ಕಿ ಉಳಿಸಿದ್ಳು ಮಾವ."

"ಯಾವ ಜಾತಿಯೋಳ್ಲಾ?" ಎಂದ ದೊಡ್ಡರಂಗಪ್ಪ. "ದನ ತಿನ್ನೋರ ಕೈಲಿ ಉಂಡ್ಯಾ? ಇನ್ನೊಬ್ಬರ ಮುಂದೆ ಈ ಮಾತು ಎತ್ತೀಯ, ಜೋಕೆ. ನಿಂಗೆ ಹೆಣ್ಣು ಕೊಡೋನು ನಾನು."

ಅಲ್ಲಿಗೆ ಅವನ ಬಾಯಿ ಮುಚ್ಚಿತು. ದೊಡ್ಡರಂಗಪ್ಪ ಕೆಟ್ಟವನೇನಲ್ಲ, ಅಕ್ಕನ ಮನೆ ಎತ್ತಿ ನಿಲ್ಲಿಸಬೇಕು, ಮಗಳು ಲಕ್ಕಮ್ಮನಿಗೆ ಅಕ್ಕನ ಮಗನೇ ಆಗಬೇಕು ಎಂಬ ಹಟ. ವೀಳ್ಯದ ಶಾಸ್ತ್ರಕ್ಕೆ ದಿನ ಇಟ್ಟ. ಆ ದಿನವೇ ಎಲ್ಲ ಕೆಟ್ಟಿತು. ಸಿದ್ದಗಂಗಯ್ಯ ಊರ ಹಿಂದಿನ ಗುಡ್ಡದ ಮೇಲೆ ಮೇಯುತ್ತಿದ್ದ ಕುರಿ ಹೊಡೆದುಕೊಂಡು ಬರಲು ಹೋಗಿದ್ದ. ನೆಂಟರು ಬರುವ ಹೊತ್ತಿಗೆ ಬಾಗಿಲ ಮುಂದೆ ಒದ್ದೆ ಪಂಚೆ ತೂಗುತ್ತಿದ್ದರೆ ಲಕ್ಷಣವೇ ಎಂದು ಹನುಮಕ್ಕ ಅದನ್ನು ಹಗ್ಗದಿಂದ ಎಳೆದು ಒಳಗೆ ಒಯ್ದಳು. ಮೇಲಿಂದ ನೋಡುತ್ತಿದ್ದವನ ಕಣ್ಣಿಗೆ ಹಗ್ಗ ಬರಿದಾಯಿತು. ಕಾಲು ಅಲ್ಲೇ ನಿಂತಿತು. ಕರೆದರೆ ಇಳಿಯಲಿಲ್ಲ, ಬೈದರೆ ಇಳಿಯಲಿಲ್ಲ. ನಾಲ್ಕು ಜನ ಹೋಗಿ ಹೊತ್ತು ತಂದರು. ನೆಂಟರ ಮುಂದೆ ಅವನು ಆಡಿದ್ದು ಒಂದೇ ಮಾತು, "ಹಗ್ಗ ಖಾಲಿ ಐತೆ, ಹಗ್ಗ ಖಾಲಿ ಐತೆ." ಸರಪಳಿ ಬಂದದ್ದು ಆವತ್ತೇ.

ಊರವರ ಮಾತಿಗಿಂತ ಕೆಂಚಮ್ಮನನ್ನು ತಿನ್ನುತ್ತಿದ್ದುದು ಇನ್ನೊಂದು. ಮಗ ಯುದ್ಧದಲ್ಲಿ ಕಾಣೆಯಾಗಿದ್ದಾನೆ ಎಂದು ತಂತಿ ಬಂದು, ಆಮೇಲೆ ಸುದ್ದಿಯೇ ಇಲ್ಲದಾಗ, ತಮ್ಮನ ಮಾತಿಗೆ ಕಟ್ಟುಬಿದ್ದು ಮಾರ್ನಮಿ ಅಮಾವಾಸ್ಯೆಯಲ್ಲಿ ಅವನಿಗೂ ಎಡೆ ಇಟ್ಟಿದ್ದಳು. ಆ ದಿನ ಮನೆಯ ಸತ್ತವರಿಗೆಲ್ಲ ಎಲೆ ಹಾಕಿ, ಇಷ್ಟವಾದದ್ದನ್ನು ಬಡಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಅವರು ಉಣ್ಣಲೆಂದು ಬಾಗಿಲು ಎಳೆದುಕೊಂಡು ಬರುವುದು ಪದ್ಧತಿ. ಗಂಡನ ಎಲೆಯ ಪಕ್ಕದಲ್ಲಿ ಮಗನ ಎಲೆ ಹಾಕಿ, "ಸಿದ್ದಗಂಗಾ, ಬಾರಪ್ಪ" ಎಂದು ಕರೆದಿದ್ದಳು. ಬದುಕಿದ್ದವನನ್ನು ಸತ್ತವರ ಸಾಲಿಗೆ ಕೂರಿಸಿದ್ದಳು! ಅವನು ಬಂದದ್ದೇನೋ ಬಂದ, ಆ ಸಾಲಿನಿಂದ ಇನ್ನೊಂದನ್ನು ಕಟ್ಟಿಕೊಂಡು ಬಂದಿದ್ದಾನೆ, ಇದು ತನ್ನ ಕೈಯಾರೆ ಮಾಡಿದ ಪಾಪ ಎಂದು ಅವಳು ನಂಬಿದ್ದಳು. ಕೊಂಡಿ ಹಾಕುವ ಶಕ್ತಿ ಬಂದದ್ದು ಆ ನಂಬಿಕೆಯಿಂದ.

ದೆವ್ವ ಬಿಡಿಸಲು ಪಾವಗಡದ ಕಡೆಯ ಪರ್ವತಯ್ಯನನ್ನು ಕರೆಸಿದರು. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಜೋಳಿಗೆಯಲ್ಲಿ ಗೇಣುದ್ದದ ಕಬ್ಬಿಣದ ಮೊಳೆ. ಅವನ ಕೆಲಸದ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಹಿಡಿದಿರುವುದು ಬಾಯಿಬಿಟ್ಟು ಹೆಸರು ಹೇಳಬೇಕು. ರೋಗಿಯ ಒಂದಿಷ್ಟು ಕೂದಲು ಕತ್ತರಿಸಿ, ಆ ಹೆಸರು ಕೂಗಿ, ಕೂದಲನ್ನು ಊರ ಹೊರಗಿನ ಹುಣಸೆಮರಕ್ಕೆ ಮೊಳೆ ಹೊಡೆದರೆ ದೆವ್ವ ಮರಕ್ಕೆ ಅಂಟಿ ಅಲ್ಲೇ ಉಳಿಯುತ್ತದೆ.

"ಏಮಿ ಪೇರು? ಚೆಪ್ಪು! ಹೆಸರು ಹೇಳು!" ಎಂದು ಬೇವಿನ ಸೊಪ್ಪಿನಲ್ಲಿ ಬಡಿದ.

ಸಿದ್ದಗಂಗಯ್ಯ ಮೊದಲ ಸಲ ಬುದ್ಧಿ ಉಪಯೋಗಿಸಿದ. "ಪೇಕೊರ" ಎಂದುಬಿಟ್ಟ. ಪರ್ವತಯ್ಯ ಗಂಭೀರವಾಗಿ ಕೂದಲು ಕತ್ತರಿಸಿ, ಊರಿಗೆ ಕೇಳುವ ಹಾಗೆ "ಪೇಕೊರಾ!" ಎಂದು ಗರ್ಜಿಸಿ, ಇಟಲಿಯ ಒಂದು ಕುರಿಯನ್ನು ಹುಣಸೆಮರಕ್ಕೆ ಹೊಡೆದು, ಕೋಳಿ ಸಾರು ಉಂಡು ಹೋದ. ಸರಪಳಿ ಬಿಚ್ಚಿದರು. ಆದರೆ ಕೈ ಕೇಳಬೇಕಲ್ಲ! ಮಾರನೆಯ ಬೆಳಿಗ್ಗೆ ಒರಳಿನ ಮೇಲೆ ಮೊನ್-ತಾ-ನ್ಯ ಎಂದು ಕುಟ್ಟುತ್ತಿದ್ದಾಗ ಕೆಂಚಮ್ಮ ನೋಡಿದಳು. ದೆವ್ವ ಸುಳ್ಳು ಹೆಸರು ಹೇಳಿ ಮೋಸ ಮಾಡಿದೆ ಎಂದಾಯಿತು. ಮತ್ತೆ ಕೊಂಡಿ ಬಿತ್ತು.

ಮಾರ್ನಮಿ ಅಮಾವಾಸ್ಯೆಗೆ ಮತ್ತೆ ಬರುತ್ತೇನೆ ಎಂದು ಪರ್ವತಯ್ಯ ಹೇಳಿ ಕಳಿಸಿದ. ಅಷ್ಟರೊಳಗೆ ಬಿಡದಿದ್ದರೆ ಲಕ್ಕಮ್ಮನನ್ನು ಸಿರಾದ ಕಡೆಗೆ ಕೊಡುತ್ತೇನೆ, ಇವನು ಇಲ್ಲೇ ದನಗಳ ಜೊತೆ ಇರಲಿ ಎಂದು ದೊಡ್ಡರಂಗಪ್ಪ ಹೇಳಿದ.

ಕೊಟ್ಟಿಗೆಯ ಕಿಂಡಿಯಿಂದ ದೂರದ ಮಧುಗಿರಿ ಬೆಟ್ಟವೂ ಕಾಣುತ್ತಿತ್ತು, ಹತ್ತಿರದ ಹುಣಸೆಮರವೂ ಕಾಣುತ್ತಿತ್ತು. ಮರದ ಬೊಡ್ಡೆಯ ತುಂಬ ತುಕ್ಕು ಹಿಡಿದ ಮೊಳೆ, ಮೊಳೆಗೆ ಸಿಕ್ಕಿದ ಕೂದಲು. ಲೋಕ ಸುತ್ತಿ ಬಂದವನು ಇದನ್ನೆಲ್ಲ ನಂಬುತ್ತಾನೆಯೇ? ಆ ಮರದ ಕೆಳಗೆ ಅವನು ಹುಡುಗನಾಗಿದ್ದಾಗಿಂದ ಉಗುಳಿದವನಲ್ಲ. ಫಿಲೊಮೇನ ಎಂದರೆ ಸಾಕು, ಕಾಲು ಬಿಡುಗಡೆ. ಕುಟ್ಟುವುದೂ ನಿಂತೀತು, ಏಕೆಂದರೆ ಹೆಸರು ಮುಗಿದ ಮೇಲೆ ಪಾಠವೇ ಉಳಿಯುವುದಿಲ್ಲ. ಮದುವೆ, ಹೊಲ, ಅಂಗಳದ ಬಿಸಿಲು, ಎಲ್ಲವೂ ಆ ಹೆಸರಿನ ಆಚೆ ಇದ್ದವು. ಆದರೆ ಮಗನ ಕಂಬಳಿ ಹೊದಿಸಿದವಳನ್ನು ಬೇವಿನ ಸೊಪ್ಪಿನಲ್ಲಿ ಹೊಡೆಸಿ, ಸಮುದ್ರದಾಚೆಯಿಂದ ಎಳೆತಂದು ಈ ಮರಕ್ಕೆ ಬಡಿಯುವುದು ಹೇಗೆ? ಒಂದು ವೇಳೆ ಅವಳು ಅಲ್ಲಿ ಬದುಕಿದ್ದು, ಇಲ್ಲಿ ಮೊಳೆ ಇಳಿದರೆ? ಅವನು ಕಾಲೆಳೆದ. ಸರಪಳಿ ತನ್ನ ಉದ್ದವನ್ನು ನೆನಪಿಸಿತು.

ಹಬ್ಬದ ದಿನ ಬೆಳಿಗ್ಗೆ ಮನೆಯೊಳಗಿಂದ ವಡೆ ಕರಿಯುವ ವಾಸನೆ ಬರುತ್ತಿತ್ತು. ಕೆಂಚಮ್ಮ ಹಾಲು ಕರೆಯಲು ಬಂದಳು. ಅವನು ಗೋದಲಿಯ ಅಂಚಿನ ಮೇಲೆ ಕುಟ್ಟುತ್ತಿದ್ದ. ಅವಳು ಚೊಂಬು ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಏನನ್ನಿಸಿತೋ, ಚೊಂಬು ಕೆಳಗಿಟ್ಟು, ಅವನ ಗೆಣ್ಣಿನ ಕೆಳಗೆ ತನ್ನ ಅಂಗೈ ಒಡ್ಡಿದಳು. ಅವನ ಕೈ ನಿಂತಿತು.

"ಕುಟ್ಲಾ," ಎಂದಳು. "ಸಂಜೆಗೆ ಅವರು ಬತ್ತಾರೆ. ಅದೇನು ಏಳ್ತೈತೋ ಅದಕ್ಕೆ ಮುಂಚೆ ನಂಗೊಂದ್ಸಲ ಏಳ್ಲಿ."

ಅವನು ಅವಳ ಅಂಗೈ ಮೇಲೆ ಮೆಲ್ಲಗೆ, ಗಟ್ಟಿಯಾಗಿ, ಮೆಲ್ಲಗೆ ಕುಟ್ಟಿದ. ಕೊ-ಪೇರ್-ತ.

"ಏನಂಗಂದ್ರೆ?"

"ಕಂಬ್ಳಿ ಅವ್ವ."

"ಯಾರ್ದು?"

ಹೋಗಿ ಬಂದ ಮೇಲೆ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಮಾತು ಒಡೆದುಕೊಂಡು ಬಂತು. ದೊಡ್ಡಿ, ಮುದುಕಿ, ಮೇಜು, ಪಾಠ, ರಷ್ಯದಲ್ಲಿ ಕಾಣೆಯಾದ ಮಗ, ಬಿಳಿ ದುಪ್ಪಟಿ, ಬರಿದಾದ ಹಗ್ಗ. ಕೆಂಚಮ್ಮ ಸಗಣಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದಳು. ಕರು ಹಸಿದು ಕೂಗಿತು, ಅವಳು ಏಳಲಿಲ್ಲ. ಜಾತಿ ಕೇಳಲಿಲ್ಲ.

"ಅವಳ ಮಗ ಬಂದ್ನೇನ್ಲಾ?"

"ಗೊತ್ತಿಲ್ಲ."

"ಅವ್ಳು ಅದಾಳಾ?"

"ಗೊತ್ತಿಲ್ಲ ಅವ್ವ. ಇಳಿದು ನೋಡ್ನಿಲ್ಲ. ಇಳೀಬ್ಯಾಡ ಅಂದಿದ್ಳು, ಇಳೀನಿಲ್ಲ," ಎಂದು ಹೇಳುತ್ತ ಹೇಳುತ್ತ ಅವನು ದೊಡ್ಡ ದನಿ ತೆಗೆದು ಅತ್ತ. ಯುದ್ಧದಿಂದ ಬಂದವನು ಅತ್ತದ್ದು ಇದೇ ಮೊದಲು.

ಕೆಂಚಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. "ಎಸ್ರೇನು ಅವಳ್ದು?"

ಅವನು ತಲೆ ಆಡಿಸಿದ. "ಮರಕ್ಕೆ ಹೊಡೀತಾರೆ. ನಾ ಏಳಾಕಿಲ್ಲ. ಇಲ್ಲೇ ಸಾಯ್ತೀನಿ, ಬುಡು."

"ಮರಕ್ಕಲ್ಲ ಕಣ್ಲಾ. ಒಳಕ್ಕೆ, ಎಡೇಗೆ."

"ಬದುಕಿದ್ರೆ ಅವ್ವ? ಬದುಕಿರೋರಿಗೆ ಎಡೆ ಇಕ್ಬಾರ್ದಲ್ಲ."

'ಪಾಪ, ಪಾಪ' ಎಂದು ಇಷ್ಟು ದಿನ ತನ್ನನ್ನು ತಾನೇ ಕಟ್ಟಿಹಾಕಿಕೊಂಡಿದ್ದ ಕೆಂಚಮ್ಮನ ಮುಖ ಮೆಲ್ಲಗೆ ಬಿಚ್ಚಿಕೊಂಡಿತು.

"ನಿಂಗೂ ಇಕ್ಕಿದ್ನಲ್ಲೋ ಮಗನೇ. ಸತ್ತೋದೆ ಅಂತ ಎಲೆ ಆಕಿ ಕರೆದೆ, ನೀನು ಬದುಕೇ ಬಂದೆ. ಅವಳ್ನೂ ಕರೆಯಾನ. ಇದ್ರೆ ಚೆಂದಾಗಿರ್ಲಿ. ಇಲ್ದಿದ್ರೆ ಬಂದು ಉಂಡೋಗ್ಲಿ. ನನ್ ಮಗನಿಗೆ ಇಕ್ಕಿದೋಳು ಹಸ್ಕೊಂಡು ಅಲೀಬಾರ್ದು."

ಅವಳೇ ಬಗ್ಗಿ ಕೊಂಡಿ ತೆಗೆದಳು.

ನಡುಮನೆಯಲ್ಲಿ ಎಲೆಗಳ ಸಾಲಿತ್ತು. ಗಂಡನಿಗೆ ಹೊಗೆಸೊಪ್ಪು, ಅತ್ತೆಗೆ ಎಲೆ ಅಡಿಕೆ. ಕೊನೆಯಲ್ಲಿ ಹೊಸದಾಗಿ ಒಂದು ಎಲೆ ಹಾಕಿ, ರೊಟ್ಟಿ, ಹಾಲು ಬಡಿಸಿ, ಪಕ್ಕದಲ್ಲಿ ಸೀರೆ ಇಡುವ ಜಾಗದಲ್ಲಿ ಮಡಿಸಿದ ಕುರಿಕಂಬಳಿ ಇಟ್ಟಳು. "ಈಗ ಏಳು ಎಸ್ರು" ಎಂದಳು.

ಅವನು ಹೇಳಿದ. ಅವಳು "ಪೀಲೊಮೆನ" ಎಂದು ಎಲ್ಲ ಭಾರವನ್ನೂ ಮೊದಲಲ್ಲೇ ಇಳಿಸಿದಳು, ಅವನು ಇಳಿಸುತ್ತಿದ್ದ ಹಾಗೆಯೇ.

"ಅಂಕೋರ" ಎಂಬ ಮಾತು ತಾನಾಗಿ ಅವನ ಬಾಯಿಗೆ ಬಂತು.

"ಅಂಗಂದ್ರೇನ್ಲಾ?"

"ಇನ್ನೊಂದ್ಸಲ ಅಂತ." ಅವನು ತಾಯಿಯ ಕೈ ಹಿಡಿದು, ಗೆಣ್ಣನ್ನು ನೆಲಕ್ಕೆ ಕುಟ್ಟಿಸಿದ. ಮೆಲ್ಲಗೆ, ಮೆಲ್ಲಗೆ, ಗಟ್ಟಿಯಾಗಿ, ಮೆಲ್ಲಗೆ. ಫಿ-ಲೊ-ಮೇ-ನ. ಹೆಸರು ತಪ್ಪಾಗಿ ಕರೆದರೆ ಬರುವವರು ಬಾಗಿಲ ಹತ್ತಿರವೇ ತಬ್ಬಿಬ್ಬಾಗಿ ನಿಲ್ಲುತ್ತಾರೆ ಎಂದು ಕೆಂಚಮ್ಮನಿಗೆ ಗೊತ್ತಿತ್ತು. ಆದ್ದರಿಂದ ಬೇಸರಿಸದೆ ಮತ್ತೆ ಮತ್ತೆ ಕುಟ್ಟಿದಳು. ಭಾರ ಸರಿಯಾದ ಕಡೆ ಕೂತ ಮೇಲೆ ಕೈ ಮುಗಿದು, ಎಲ್ಲರ ಹೆಸರೂ ಹಿಡಿದು ಕರೆದು, ಕೊನೆಗೆ "ಪಿಲೊಮೇನ, ಬಾರವ್ವ" ಎಂದು ಕರೆದು, ಬಾಗಿಲು ಎಳೆದುಕೊಂಡು ಇಬ್ಬರೂ ಅಂಗಳಕ್ಕೆ ಬಂದರು.

ಅಂಗಳದಲ್ಲಿ ದೊಡ್ಡರಂಗಪ್ಪನೂ ಪರ್ವತಯ್ಯನೂ ನಿಂತಿದ್ದರು. ಸಂಜೆಯವರೆಗೆ ತಡೆಯಲಾರದೆ ಮಾವ ಮೊದಲೇ ಕರೆತಂದಿದ್ದ. ಸರಪಳಿಯಿಲ್ಲದ ಕಾಲು ನೋಡಿ ಅವನ ಹುಬ್ಬು ಗಂಟಾಯಿತು.

"ಎಸ್ರು ಏಳ್ತೇನಕ್ಕ ಅದು?"

"ಏಳ್ತು."

ಪರ್ವತಯ್ಯ ಜೋಳಿಗೆಗೆ ಕೈ ಹಾಕಿದ. "ಚೆಪ್ಪು ತಲ್ಲಿ, ಏನದು?"

"ನಿಮಗಲ್ಲ ಸ್ವಾಮಿ. ನಮ್ಮನೆ ಹಿರೀಕಳು. ಒಳಗೆ ಉಣ್ತಾ ಅವ್ಳೆ."

ದೊಡ್ಡರಂಗಪ್ಪನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಳಿಯ ಹಿಂದೊಮ್ಮೆ ಹೇಳಹೊರಟಿದ್ದ ಮುದುಕಿ ನೆನಪಾದ ಮೇಲೆ ಮುಖ ಕೆಂಪಾಯಿತು. "ನಮ್ ಬಾವನ ಎಲೆ ಪಕ್ಕ ಆ ಜಾತಿಗೆಟ್ಟೋಳ್ನ ಕುಂಡ್ರಿಸಿದ್ಯಾ? ನನ್ ಮಗಳು ಈ ಹೊಸ್ಲು ತುಳಿಯಾಕಿಲ್ಲ. ನಂಗೆ ಅಕ್ಕಾನೂ ಇಲ್ಲ." ಟವೆಲು ಕೊಡವಿ ಹೊರಟೇಬಿಟ್ಟ. ಕೆಂಚಮ್ಮ "ರಂಗಪ್ಪಾ" ಎಂದು ಒಂದು ಹೆಜ್ಜೆ ಮುಂದಿಟ್ಟಳು, ಅಲ್ಲೇ ನಿಂತಳು. ಅವಳಿಗಿದ್ದ ಒಬ್ಬನೇ ತಮ್ಮ ಅವನು. ಪರ್ವತಯ್ಯ ಹೋದವನನ್ನೂ ನಿಂತವಳನ್ನೂ ನೋಡಿ, ಮೊಳೆಯನ್ನು ಜೋಳಿಗೆಯ ತಳಕ್ಕೆ ಸೇರಿಸಿ, ಉಂಡೇ ಹೋಗುವ ಲೆಕ್ಕದಲ್ಲಿ ಜಗಲಿಯ ಮೇಲೆ ಕೂತ.

ಕೆಂಚಮ್ಮ ಕಣ್ಣೊರೆಸಿಕೊಂಡಳು. ಬೆಳಿಗ್ಗೆ ಒಗೆದು ಹಿಂಡಿಟ್ಟಿದ್ದ ಬಿಳಿ ಪಂಚೆಯನ್ನು ಬುಟ್ಟಿಯಿಂದ ತೆಗೆದು, ಅಂಗಳದ ಹಗ್ಗದ ಮೇಲೆ ಈ ತುದಿಯಿಂದ ಆ ತುದಿಗೆ ಬಿಡಿಸಿ ಹಾಕಿದಳು. ಸಿದ್ದಗಂಗಯ್ಯ ನೋಡುತ್ತ ನಿಂತಿದ್ದ.

"ಬರೋಳಿಗೆ ಗೊತ್ತಾಗ್ಬೇಕಲ್ಲ," ಎಂದಳು ಅವನ ಕಡೆ ನೋಡದೆ.

ಹಿರಿಯರು ಉಂಡು ಮುಗಿಸುವಷ್ಟು ಹೊತ್ತಾದ ಮೇಲೆ ಅವಳು ಬಾಗಿಲ ಹತ್ತಿರ ಹೋದಳು. ಉಣ್ಣುವವರು ಬೆಚ್ಚಬಾರದೆಂದು, ತೆರೆಯುವ ಮುಂಚೆ ಕದ ತಟ್ಟುವುದು ವಾಡಿಕೆ. ಅವಳು ಬೆರಳ ಗೆಣ್ಣು ಮಡಿಸಿ ಕದದ ಮೇಲೆ ಮೆಲ್ಲಗೆ, ಮೆಲ್ಲಗೆ, ಗಟ್ಟಿಯಾಗಿ, ಮೆಲ್ಲಗೆ ತಟ್ಟಿದಳು. ಸರಿಯಾಯಿತೇ ಎಂದು ಮಗನ ಮುಖ ನೋಡಿದಳು. ಅವನು ಹೂಂ ಎಂದ ಮೇಲೆ ಬಾಗಿಲು ತೆಗೆದಳು.